ಕಿರುಬೆರಳಿನ ಕೆಂಡ

ಹೇಮಾವತಿಯ ದಂಡೆಯ ಮೇಲೆ ದೇವೀರಮ್ಮನವರ ಆಶ್ರಮವಿತ್ತು. ಆಶ್ರಮವೆಂದರೆ ಹೆಂಚಿನ ಎರಡು ಕೋಣೆ, ಉದ್ದನೆಯ ಒಂದು ಜಗುಲಿ, ಹಿತ್ತಲ ತುಂಬ ಮಾಚಿಪತ್ರೆ ಗಿಡ.

ದೇವೀರಮ್ಮನವರು ಪ್ರಾಯದಲ್ಲಿ ಕಲ್ಕತ್ತೆಗೆ ಹೋಗಿ, ಅಲ್ಲಿ ನೆಲೆಸಿದ್ದ ಒಬ್ಬ ಮುದುಕ ಚೀನೀ ವೈದ್ಯನ ಹತ್ತಿರ ವಿದ್ಯೆ ಕಲಿತು ಬಂದವರು. ಸೂಜಿ ಚುಚ್ಚಿ ನೋವು ಇಳಿಸುವುದನ್ನು ಬಲ್ಲರು. ಬೆಂಕಿಯ ಬಿಸಿ ಕೊಡುವುದನ್ನೂ ಬಲ್ಲರು.

ಅವರ ಶಿಷ್ಯೆ ಕಾತ್ಯಾಯಿನಿ. ಕೈ ಚುರುಕು. ಸಿಟ್ಟು ಅದಕ್ಕಿಂತ ಚುರುಕು.

ಹೊಟ್ಟೆಯೊಳಗಿನ ಕೂಸು ತಲೆ ಮೇಲೆ ಮಾಡಿಕೊಂಡು ಕೂತಿದ್ದರೆ ಅದನ್ನು ತಿರುಗಿಸಲು ಆ ಚೀನೀ ವೈದ್ಯ ಒಂದು ಕ್ರಮ ಹೇಳಿಕೊಟ್ಟಿದ್ದ. ಒಣಗಿದ ಮಾಚಿಪತ್ರೆಯನ್ನು ತಿಕ್ಕಿ ಹತ್ತಿಯಂತೆ ಮಾಡಿ, ಕಾಗದದಲ್ಲಿ ಬಿಗಿಯಾಗಿ ಸುತ್ತಿ, ಬತ್ತಿ ಮಾಡಬೇಕು. ಅದನ್ನು ಹಚ್ಚಿ, ಬಸುರಿಯ ಕಾಲಿನ ಕಿರುಬೆರಳಿನ ಉಗುರಂಚಿಗೆ ತಾಗಿಯೂ ತಾಗದ ಹಾಗೆ ಕೆಂಡ ಹಿಡಿಯಬೇಕು. ಒಳಗೆ ಕೂಸು ಮಿಸುಕಾಡುತ್ತದೆ. ಮಿಸುಕಾಡುತ್ತ ತಿರುಗಿದರೆ ತಿರುಗಿತು.

ಡಾಕ್ಟರು ನೋಡಿ ಅಡ್ಡಿಯಿಲ್ಲ ಎಂದವರಿಗೆ ಮಾತ್ರ ದೇವೀರಮ್ಮನವರು ಬತ್ತಿ ಹಚ್ಚುತ್ತಿದ್ದರು. ಕೆಲವರಿಗೆ ಕೂಸು ತಿರುಗಿತ್ತು, ಕೆಲವರಿಗೆ ಇಲ್ಲ. ತಿರುಗಿದ್ದು ಕಾತ್ಯಾಯಿನಿಗೆ ಚೆನ್ನಾಗಿ ನೆನಪಿರುತ್ತಿತ್ತು.

ಒಂದು ಬೆಳಿಗ್ಗೆ ಬೋರಮ್ಮ ಎಂಬಾಕೆ ತನ್ನ ತುಂಬು ಬಸುರಿ ಸೊಸೆ ಕೆಂಚಮ್ಮನನ್ನು ಕರೆದುಕೊಂಡು ಬಂದಳು.

"ಅವಳಿ," ಅಂದಳು ಬೋರಮ್ಮ. "ಮೊದಲನೇದು ಉಲ್ಟಾ ಕೂತದೆ. ಆಸ್ಪತ್ರೇಲಿ ಕುಯ್ಯಬೇಕು ಅಂತಾರೆ. ನಮ್ಮನೇಲಿ ಯಾವ ಹೆಂಗಸೂ ಹೊಟ್ಟೆ ಕುಯ್ಸಿಕೊಂಡಿಲ್ಲ. ನೀವು ತಿರುಗ್ಸಿಕೊಡಿ."

ದೇವೀರಮ್ಮನವರು ಕೆಂಚಮ್ಮನ ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತರು.

"ಆಗೋದಿಲ್ಲ. ಆಸ್ಪತ್ರೆಗೆ ಹೋಗಿ. ಇವತ್ತೇ ಹೋಗಿ."

"ಆಗೋದಿಲ್ಲವೋ, ನಿಮಗೆ ಬರೋದಿಲ್ಲವೋ?"

"ಎರಡೂ ಅಂದುಕೊಳ್ಳಿ."

ಬೋರಮ್ಮ ಅಂಗಳಕ್ಕಿಳಿದು, ಜಗುಲಿಯಲ್ಲಿ ಕೂತವರಿಗೆಲ್ಲ ಕೇಳಿಸುವಂತೆ ಕೂಗಿದಳು. "ಇವರದ್ದೆಲ್ಲ ಬರೀ ಹೊಗೆ ಕಣ್ರಪ್ಪ! ವಿದ್ಯೆಯಂತೆ, ಚೀನಾ ದೇಶದ್ದಂತೆ!"

ದೇವೀರಮ್ಮನವರು ಮುಂದಿನವರ ನಾಡಿ ಹಿಡಿದರು.

ಕಾತ್ಯಾಯಿನಿಗೆ ಮೈಯೆಲ್ಲ ಉರಿಯಿತು. ಅತ್ತೆ ಸೊಸೆ ಅತ್ತ ಹೋದದ್ದೇ ತಡ, ಗುರುವಿನ ಮುಂದೆ ಬಂದು ನಿಂತಳು.

"ಅಮ್ಮಾ, ಅವಳು ಅಷ್ಟು ಅಂದರೂ ಸುಮ್ಮನಿದ್ದಿರಲ್ಲ!"

"ಏನು ಹೇಳಬೇಕಿತ್ತು?"

"ಬರುತ್ತೆ ಅಂತ! ಬರುವ ವಿದ್ಯೆಯನ್ನು ಬರೋದಿಲ್ಲ ಅಂದಿರಿ. ಇದಕ್ಕೇನಾ ನಾನು ಇಷ್ಟು ವರ್ಷ ಮಾಚಿಪತ್ರೆ ತಿಕ್ಕಿದ್ದು?"

"ಅದರ ಹೊಗೆಗೆ ಸೊಳ್ಳೆಯೂ ಬರೋದಿಲ್ಲ," ಅಂದರು ದೇವೀರಮ್ಮನವರು. "ತಿಕ್ಕಿದ್ದು ದಂಡವೇನೂ ಆಗಲಿಲ್ಲ."

ತನ್ನನ್ನು ಅಣಕಿಸಿದರು ಎಂದುಕೊಂಡಳು ಕಾತ್ಯಾಯಿನಿ. ಆ ದಿನ ಊಟಕ್ಕೆ ಏಳಲಿಲ್ಲ.

ಮಾರನೆಯ ದಿನ ದೇವೀರಮ್ಮನವರು ಹರಿಗೋಲು ಹತ್ತಿ ಆಚೆ ದಡದ ಒಬ್ಬ ರೋಗಿಯನ್ನು ನೋಡಲು ಹೋದರು. ಅವರು ಅತ್ತ ಹೋದರು, ಇತ್ತ ಬೋರಮ್ಮ ಸೊಸೆಯ ಕೈ ಹಿಡಿದುಕೊಂಡು ಮತ್ತೆ ಬಂದಳು. ಆಸ್ಪತ್ರೆಗೆ ಹೋಗಿರಲಿಲ್ಲ. ದಂಡೆಯ ಮೇಲಿನ ನಂಟರ ಮನೆಯಲ್ಲಿ ಉಳಿದು ಹೊಂಚು ಹಾಕಿದ್ದಳು.

"ನಿಮ್ಮ ಅಮ್ಮನೋರಿಗೆ ವಯಸ್ಸಾಯ್ತು," ಅಂದಳು. "ಕೈ ನಡುಗುತ್ತೆ. ಅದಕ್ಕೇ ಒಲ್ಲೆ ಅಂತಾರೆ. ನಿಂಗೇನವ್ವಾ?"

"ಯಾರ ಕೈ ನಡುಗುತ್ತೆ?" ಕಾತ್ಯಾಯಿನಿಯ ದನಿ ಏರಿತು. "ಮಲಗಿಸಿ. ತೋರಿಸ್ತೀನಿ."

ಚಾಪೆ ಹಾಸಿದಳು. ಬತ್ತಿ ಹಚ್ಚಿದಳು. ಕೆಂಚಮ್ಮ ಒಂದು ಮಗ್ಗುಲಾಗಿ ಮಲಗಿ, ಮೆಲ್ಲಗೆ ಹೇಳಿದಳು.

"ಅಕ್ಕಾ, ಡಾಕ್ಟ್ರು ಇದೆಲ್ಲ ಬೇಡ ಅಂದಿದ್ರು. ನಂಗೂ ಯಾಕೋ..."

"ಸುಮ್ನಿರೇ," ಅಂದಳು ಬೋರಮ್ಮ.

"ಹೆದರಬೇಡ," ಅಂದಳು ಕಾತ್ಯಾಯಿನಿ. ಕೆಂಡವನ್ನು ಕಿರುಬೆರಳಿನ ಹತ್ತಿರ ತಂದಳು.

ಸ್ವಲ್ಪ ಹೊತ್ತಿಗೆ ಹೊಟ್ಟೆ ಅಲುಗಿತು. ಸೀರೆಯ ಮೇಲಿಂದಲೇ ಕಾಣುವ ಹಾಗೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಇಳಿಯಿತು.

"ನೋಡಿದಿರಾ!" ಅಂದಳು ಕಾತ್ಯಾಯಿನಿ. ಅವಳ ಕಣ್ಣು ಹೊಳೆಯುತ್ತಿತ್ತು.

ಕೆಂಚಮ್ಮ ಎರಡೂ ಕೈಯಲ್ಲಿ ಹೊಟ್ಟೆ ಅವುಚಿಕೊಂಡು ಹಲ್ಲು ಕಚ್ಚಿದಳು. ಮತ್ತೆ ನೋಡುವಷ್ಟರಲ್ಲಿ ಚಾಪೆ ತೊಯ್ದಿತ್ತು. ನೀರು ಒಡೆದಿತ್ತು.

ಬೋರಮ್ಮನ ಮುಖ ಬಿಳಿಚಿತು. "ಏನು ಮಾಡಿದ್ಯೇ ನೀನು?"

ಅಷ್ಟರಲ್ಲಿ ದೇವೀರಮ್ಮನವರ ಹರಿಗೋಲು ಈಚೆ ದಡ ಮುಟ್ಟಿತು. ಅವರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಮ್ಮೆ ನೋಡಿದರು. ಶಿಷ್ಯೆಯ ಕೈಯಿಂದ ಬತ್ತಿ ಕಿತ್ತುಕೊಂಡು ಅಂಗಳದ ಕೆಸರಿಗೆ ಒತ್ತಿದರು.

"ಎತ್ತಿಕೊಳ್ಳಿ ಇವಳನ್ನ. ಹರಿಗೋಲಿಗೆ. ಸೊಂಟದ ಕೆಳಗೆ ಕಂಬಳಿ ಮಡಿಸಿಡು. ತಲೆ ತಗ್ಗಿರಲಿ."

ಆಸ್ಪತ್ರೆಯ ದಾರಿ ಇದ್ದದ್ದು ಆಚೆ ದಡದಲ್ಲಿ. ಅಂಬಿಗ ಹುಟ್ಟು ಹಾಕಿದ. ನಡುವೆ ಕೆಂಚಮ್ಮ ಮಲಗಿದಳು. ಉಳಿದ ಮೂವರು ಅವಳ ಸುತ್ತ ಮೊಣಕಾಲು ಮಡಿಸಿ, ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು.

ಕಾತ್ಯಾಯಿನಿಗೆ ತಡೆಯಲಾಗಲಿಲ್ಲ.

"ನೀವು ಕಲಿಸಿದ್ದನ್ನೇ ಮಾಡಿದೆ ಅಮ್ಮಾ! ಬತ್ತಿ ಅದೇ, ಬೆರಳು ಅದೇ. ಮಾಡಬಾರದ್ದಾದರೆ ಕಲಿಸಿದ್ದು ಯಾಕೆ?"

ದೇವೀರಮ್ಮನವರು ಕೆಂಚಮ್ಮನ ನಾಡಿ ಬಿಡಲಿಲ್ಲ.

"ಹೇಳಿ!" ಕಾತ್ಯಾಯಿನಿ ಸಿಟ್ಟಿನ ಭರದಲ್ಲಿ ಅರ್ಧ ಎದ್ದು, ಅವರ ಕಡೆಗೆ ತಿರುಗಿದಳು.

ಹರಿಗೋಲು ಒಂದೇ ಸಲಕ್ಕೆ ವಾಲಿತು. ಅಂಚು ಹಾರಿ ನೀರು ಒಳಗೆ ಬಂತು. ಬೋರಮ್ಮ ಕಿರುಚಿ, ಕಾತ್ಯಾಯಿನಿಯ ಸೆರಗು ಹಿಡಿದು ಜಗ್ಗಿದಳು. ಸೆರಗು ಕಾತ್ಯಾಯಿನಿಯ ಕೊರಳಿಗೆ ಸುತ್ತಿಕೊಂಡಿತು. ಉಸಿರು ಕಟ್ಟಿತು.

"ಕೂತ್ಕೊ!" ದೇವೀರಮ್ಮನವರು ಗದರಿದರು. "ಇಷ್ಟು ಜಾಗದಲ್ಲಿ ಒಬ್ಬಳು ತಿರುಗಿದರೆ ಇನ್ನೊಬ್ಬಳು ಎಲ್ಲಿಗೆ ಹೋಗಬೇಕು?"

ಕಾತ್ಯಾಯಿನಿ ಕೂತಳು. ಕೊರಳಿನ ಸೆರಗು ಬಿಡಿಸಿಕೊಳ್ಳುತ್ತ ಕೆಂಚಮ್ಮನ ಹೊಟ್ಟೆ ನೋಡಿದಳು. ದಡ ಮುಟ್ಟುವವರೆಗೂ ಅವಳು ಅಲ್ಲಿಂದ ಕಣ್ಣು ಕೀಳಲಿಲ್ಲ.

ಆಸ್ಪತ್ರೆಯಲ್ಲಿ ಕೆಂಚಮ್ಮನನ್ನು ಒಳಕ್ಕೆ ತಳ್ಳಿಕೊಂಡು ಹೋಗುವಾಗ, ಆಶ್ರಮದಲ್ಲಿ ಬತ್ತಿ ಹಿಡಿದರೆಂದು ಬೋರಮ್ಮನಿಂದ ಕೇಳಿದ್ದ ಲೇಡಿ ಡಾಕ್ಟರು ದೇವೀರಮ್ಮನವರನ್ನು ಕಂಡು ಅಲ್ಲೇ ನಿಂತರು. ಡಾಕ್ಟರು ಅವರ ಮೊಮ್ಮಗಳ ವಯಸ್ಸಿನವರು.

"ನಿಮಗೆ ಬುದ್ಧಿ ಇದೆಯೇನ್ರಿ? ಅವಳಿ ಮಕ್ಕಳ ಬಸುರಿಗೆ ಕಾಲಿಗೆ ಬೆಂಕಿ ಹಿಡೀತಾರಾ?"

ಓಡಾಡುವವರೆಲ್ಲ ನಿಂತು ನೋಡಿದರು. ದೇವೀರಮ್ಮನವರು ಕೈ ಮುಗಿದರು. "ತಪ್ಪಾಯ್ತು ತಾಯಿ."

ಕಾತ್ಯಾಯಿನಿ ಆ ಮುಗಿದ ಕೈಗಳನ್ನು ನೋಡಿದಳು.

"ಹಚ್ಚಿದ್ದು ನಾನು!" ಎಂದು ಮುಂದೆ ಬಂದಳು. "ಇವರು ಬೇಡ ಅಂದಿದ್ದರು. ಬೈಯೋದಾದರೆ ನನ್ನನ್ನ ಬೈಯಿರಿ."

"ಬೈಯೋಕೆ ನನಗೆ ಹೊತ್ತಿಲ್ಲ," ಅಂದರು ಡಾಕ್ಟರು. "ನೀರು ಒಡೆದದ್ದು ನಿಮ್ಮ ಬೆಂಕಿಯಿಂದಲೇ ಅಂತ ನಾನು ಹೇಳಲ್ಲ. ಅವಳಿಗಳಲ್ಲಿ ತಾನಾಗಿಯೂ ಒಡೆಯುತ್ತೆ. ಆದರೆ ಒಡೆಯುವಾಗ ಆಕೆ ಇಲ್ಲಿರಬೇಕಿತ್ತು. ನಿಮ್ಮ ಚಾಪೆ ಮೇಲಲ್ಲ."

ಬಾಗಿಲು ಮುಚ್ಚಿತು.

ಹೊರಗೆ ಮೂವರೂ ಗೋಡೆಗೆ ಒರಗಿ ನಿಂತರು. ಒಂದು ಕೂಸು ಅತ್ತದ್ದು ಕೇಳಿಸಿತು. ಎರಡನೆಯದರ ಸದ್ದಿಲ್ಲ. ಕಾತ್ಯಾಯಿನಿ ಉಗುರಿನಿಂದ ತನ್ನ ಅಂಗೈಯನ್ನೇ ಒತ್ತಿಕೊಂಡಳು. ಎಷ್ಟು ಕಿವಿಗೊಟ್ಟರೂ ಸದ್ದಿಲ್ಲ. ಕೊನೆಗೆ, ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ ಬಂತು.

ನರ್ಸ್ ಬಾಗಿಲು ತೆಗೆದು ಹೇಳಿದಳು. "ಒಂದು ಹೆಣ್ಣು, ಒಂದು ಗಂಡು. ತಾಯಿಗೆ ರಕ್ತ ಕೊಡ್ತಿದ್ದೀವಿ. ಬದುಕಿದ್ದಾರೆ, ಮೂವರೂ."

ಬೋರಮ್ಮನಿಗೆ ಹೋದ ಜೀವ ಬಂತು. ಜೀವದ ಜೊತೆಗೆ ಬಾಯಿಯೂ ಬಂತು. ಅಲ್ಲಿದ್ದ ಹೆಂಗಸರನ್ನೆಲ್ಲ ಗುಡ್ಡೆ ಹಾಕಿಕೊಂಡಳು.

"ಈ ಹುಡುಗಿ ಕೈಗುಣ ಕಣ್ರವ್ವಾ! ಒಂದು ಬತ್ತಿ ಹಚ್ಚಿದಳು ನೋಡಿ, ಕೂಸುಗಳು ದಡದಡ ಅಂತ ಹೊರಟೇಬಿಟ್ಟವು. ಇಲ್ಲದಿದ್ದರೆ ಏನಾಗ್ತಿತ್ತೋ!"

ಒಬ್ಬ ಹೆಂಗಸು ಕಾತ್ಯಾಯಿನಿಯ ತೋಳು ಹಿಡಿದಳು. "ನನ್ನ ಮಗಳಿಗೂ ಅವಳಿಯೇ ಅಂತೆ ತಾಯಿ. ಎಲ್ಲಿದೆ ನಿಮ್ಮ ಆಶ್ರಮ?"

ಅಂಗಳದಲ್ಲಿ ಬೈಸಿಕೊಂಡಾಗ, ಡಾಕ್ಟರ ಮುಂದೆ ತಲೆ ತಗ್ಗಿಸಿದಾಗ ಸುಮ್ಮನಿದ್ದ ದೇವೀರಮ್ಮನವರು ಈಗ ಕೆಂಡವಾದರು.

"ಮುಚ್ಚು ಬಾಯಿ, ಬೋರಮ್ಮ!"

ಗುಡ್ಡೆ ಸೇರಿದ್ದ ಹೆಂಗಸರು ಅವರಿಗೆ ದಾರಿ ಬಿಟ್ಟರು.

"ನನ್ನನ್ನು ಹೊಗೆ ಅನ್ನು, ಕಳ್ಳಿ ಅನ್ನು, ಕೇಳಿಸಿಕೊಳ್ತೀನಿ. ಈ ಮಾತು ಮಾತ್ರ ಆಡಬೇಡ! ಇದನ್ನು ನಂಬಿ ಇನ್ನೊಬ್ಬಳು ನನ್ನ ಜಗುಲಿಗೆ ಬರ್ತಾಳೆ. ಅವಳಿಗೆ ಹರಿಗೋಲು ಸಿಗದಿದ್ದರೆ? ನಿನ್ನ ಸೊಸೆಯನ್ನು ಉಳಿಸಿದ್ದು ಆ ಹುಡುಗಿ ಡಾಕ್ಟರ ಕತ್ತಿ. ಹಾಗಂತ ಹೇಳು. ಇವರೆಲ್ಲರ ಮುಂದೆ ಹೇಳು!"

ಬೋರಮ್ಮ ತೊದಲುತ್ತ ಹೇಳಿದಳು. ದೇವೀರಮ್ಮನವರು ಇನ್ನೊಂದು ಸಲ ಹೇಳಿಸಿದರು. ಆಮೇಲೆ ಮಗಳ ಬಗ್ಗೆ ಕೇಳಿದ ಹೆಂಗಸಿನ ಕೈ ಹಿಡಿದು, ತಾವೇ ಡಾಕ್ಟರ ಕೋಣೆಗೆ ಕರೆದುಕೊಂಡು ಹೋಗಿ ಬಿಟ್ಟು ಬಂದರು.

ಎರಡು ದಿನ ಬಿಟ್ಟು ಕಾತ್ಯಾಯಿನಿ ಕೆಂಚಮ್ಮನ ಮಂಚದ ಹತ್ತಿರ ಹೋದಳು.

"ನೀನು ಬೇಡ ಅಂದದ್ದು ನನಗೆ ಕೇಳಿಸಿತ್ತು ಕೆಂಚಮ್ಮಾ."

ಕೆಂಚಮ್ಮ ಅವಳನ್ನು ಒಮ್ಮೆ ನೋಡಿದಳು. ಮತ್ತೆ ಗೋಡೆಯ ಕಡೆಗೆ ಮುಖ ಮಾಡಿದಳು.

ಆ ಸಂಜೆ ಗುರುವೂ ಶಿಷ್ಯೆಯೂ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು.

"ಅಮ್ಮಾ, ಹಾಗಾದರೆ ಆ ವಿದ್ಯೆ ಸುಳ್ಳೇ?"

"ಗೊತ್ತಿಲ್ಲ."

"ಇಷ್ಟು ವರ್ಷ ಮಾಡಿದ್ದೀರಿ. ಎಷ್ಟೋ ಕೂಸು ತಿರುಗಿವೆ."

"ತಾವಾಗಿಯೇ ತಿರುಗುತ್ತಿದ್ದವೋ ಏನೋ. ಬತ್ತಿಯಿಂದಲೇ ತಿರುಗಿದೆ ಅಂತ ಯಾವ ಕೂಸೂ ಬಂದು ನನಗೆ ಹೇಳಲಿಲ್ಲ."

ಕಾತ್ಯಾಯಿನಿ ಒಂದು ಕಲ್ಲನ್ನು ನೀರಿಗೆ ಎಸೆದಳು.

"ನಾನಿನ್ನು ಬತ್ತಿ ಮುಟ್ಟೋದಿಲ್ಲ."

"ಸಿಟ್ಟು ಇನ್ನೂ ಇಳಿದಿಲ್ಲ ನಿನಗೆ."

"ಮತ್ತೆ, ನಾನೊಬ್ಬಳೇ ಬತ್ತಿ ಹಚ್ಚಬಹುದಾದ ದಿನ ಯಾವತ್ತು ಬರುತ್ತೆ ಅಮ್ಮಾ?"

ದೇವೀರಮ್ಮನವರು ಸೆರಗು ಕೊಡವಿಕೊಂಡು ಎದ್ದರು.

"ಬಂದವರನ್ನು ಬರಿಗೈಯಲ್ಲಿ ಕಳಿಸಿ, ಅವರಿಂದ ಬೈಸಿಕೊಂಡು, ಆಮೇಲೆ ಹೊಟ್ಟೆತುಂಬ ಊಟ ಮಾಡ್ತೀಯಲ್ಲ, ಆವತ್ತು."