ಹಲ್ಲಿನ ಡಾಕ್ಟರನ್ನು ಹುಡುಕಿದ ಜಾಣಪ್ಪ

ಒಂದೂರಿತ್ತು, ಊರಿನ ಹೆಸರು ಕಟ್ಟಿಕೊಂಡು ನಿಮಗೇನಾಗಬೇಕು. ಅಲ್ಲಿ ಮಿಕ್ಸಿ ರಿಪೇರಿ ಮಾಡುವ ಚೆನ್ನಾಜಮ್ಮ ಇದ್ದಳು. ಮಕ್ಕಳಿಲ್ಲದ ಕೊರಗಿಗೆ ಹಳೇ ರೇಡಿಯೋ, ಕೆಟ್ಟ ಫ್ಯಾನು ಜೋಡಿಸಿ ಒಬ್ಬ ಮಗನನ್ನು ಮಾಡಿಕೊಂಡಳು. ಜಾಣಪ್ಪ ಅಂತ ಹೆಸರಿಟ್ಟಳು. ಪಾಪ, ಹೆಸರೊಂದೇ ಜಾಣ. ಕಣ್ಣಿಗೆ ಬಿದ್ದಷ್ಟೇ ಲೋಕ ಅನ್ನುವ ಆಸಾಮಿ.

ಅವನಿಗೆ ಮೊಬೈಲಿನ ಕ್ಯಾಮೆರಾ ತೆಗೆದು ಕಣ್ಣು ಕೂರಿಸಿದ ದಿನವೇ ಅವಳಿಗೆ ಹಲ್ಲುನೋವು ಬಂತು. ಕೆನ್ನೆ ಊದಿ ಗುಂಡಗಾಯಿತು, ಗಂಜಿಯೂ ಒಳಗಿಳಿಯದು. ಹಲ್ಲಿನ ಡಾಕ್ಟರನ್ನು ಕರೆದು ಬಾ ಅಂದಳು. ಅವರು ಹೇಗಿರುತ್ತಾರೆ ಅಂತ ಮಗ ಕೇಳಿದ್ದಕ್ಕೆ ಕ್ಯಾಲೆಂಡರಿನ ಚಿತ್ರ ತೋರಿಸಿದಳು. ಬಿಳಿ ಕೋಟು, ಬಿಳಿ ಮೀಸೆ.

ಜಾಣಪ್ಪ ಹೋದ, ಬಿಳಿ ಕೋಟು ಬಿಳಿ ಮೀಸೆಯವನನ್ನು ಹಿಡಿದು ತಂದ. ಯಾರು ಅಂತೀರಿ? ಮದುವೆ ಬ್ಯಾಂಡಿನವನು. ಬಾಗಿಲಲ್ಲೇ ತುತ್ತೂರಿ ಊದಿದ. ಚೆನ್ನಾಜಮ್ಮನ ಹಲ್ಲು ಜುಂ ಅಂತು.

“ಲೋ ದಡ್ಡ, ಕೋಟು ಮೀಸೆ ನೋಡಿ ಕರ್ಕೊಂಡ್ ಬರ್ತಾರೇನೋ? ಯಾರ ಮುಂದೆ ಜನ ಸಾಲಾಗಿ ನಿಂತು ಬಾಯಿ ತೆಗೀತಾರೋ ಅವರು ಕಣೋ!”

ಜಾಣಪ್ಪ ಹೋದ, ಅಂಥವನನ್ನೇ ಹಿಡಿದು ತಂದ. ಪಾನಿಪುರಿಯವನು, ಗಾಡಿ ಸಮೇತ. ಪುಣ್ಯಾತ್ಮ ಅವಳ ಬಾಯಿಗೂ ಒಂದು ಪುರಿ ಹಾಕಿದ. ಹುಳಿ ಖಾರ ಎರಡೂ ಹಲ್ಲಿನ ತೂತಿಗೆ ಇಳಿದು ಅವಳಿಗೆ ಹಗಲಲ್ಲೇ ನಕ್ಷತ್ರ ಕಂಡಿತು.

“ನೀನು ಯಾರನ್ನೂ ತರಬೇಡಪ್ಪ. ಬಾಗಿಲಲ್ಲಿ ಕೂತಿರು. ಗುರುತಿಲ್ಲದವರನ್ನ ಒಳಗೆ ಬಿಡಬೇಡ.”

ಜಾಣಪ್ಪ ಕೂತ. ಪಕ್ಕದ ಮನೆಯವರು ಹೇಳಿ ಕಳಿಸಿದ್ದರು ಅಂತ ನಿಜವಾದ ಹಲ್ಲಿನ ಡಾಕ್ಟರೇ ಸ್ಕೂಟರಿನಲ್ಲಿ ಬಂದಳು. ಚೂಡಿದಾರ ತೊಟ್ಟ ಚಿಕ್ಕ ಹುಡುಗಿ. ಕೋಟಿಲ್ಲ, ಮೀಸೆಯಿಲ್ಲ, ಬಾಯಿ ತೆಗೆದವರ ಸಾಲೂ ಇಲ್ಲ. ಡಾಕ್ಟರಾಗಲು ಸಾಧ್ಯವೇ ಇಲ್ಲ ಅಂತ ಅವಳನ್ನು ಓಡಿಸಿಬಿಟ್ಟ. ಅಷ್ಟು ಕೇಳಿಸಿದ್ದೇ ತಡ, ಚೆನ್ನಾಜಮ್ಮ ಹಿತ್ತಲ ಬಾಗಿಲಿಂದ ಓಡಿ ಹೋಗಿ ಸ್ಕೂಟರು ಹತ್ತಿದಳು. ಹಲ್ಲು ಕೀಳಿಸಿಕೊಂಡು, ಊತ ಇಳಿಯುವವರೆಗೆ ತಂಗಿಯ ಮನೆಯಲ್ಲಿದ್ದು, ಹಗುರಾಗಿ ನಗುನಗುತ್ತಾ ಮನೆಗೆ ಬಂದಳು.

ಜಾಣಪ್ಪ ಬಾಗಿಲಿಗೆ ಅಡ್ಡ ನಿಂತ.

“ಯಾರಮ್ಮ ನೀನು?”

“ನಿಮ್ಮವ್ವ ಕಣೋ.”

“ನಮ್ಮವ್ವನಿಗೆ ಒಂದು ಕೆನ್ನೆ ದಪ್ಪ. ಅವಳು ನಗೋದೂ ಇಲ್ಲ. ಹೋಗಮ್ಮ ಮುಂದಕ್ಕೆ.”

ಅತ್ತಳು, ಬೈದಳು, ಅವನನ್ನು ಮಾಡಿದ ಕತೆಯನ್ನೆಲ್ಲ ಹೇಳಿದಳು. ಊಹೂಂ, ಅವನು ಜಗ್ಗಲಿಲ್ಲ. ಹಿತ್ತಲ ಬಾಗಿಲಿಗೂ ಒಳಗಿಂದ ಅಗಳಿ ಹಾಕಿಬಿಟ್ಟಿದ್ದ. ಕೊನೆಗೆ ಬೇರೆ ದಾರಿ ಕಾಣದೆ ಅಂಗಡಿಯಿಂದ ಬೋಂಡಾ ತಂದು ಒಂದು ಕೆನ್ನೆಗೆ ತುರುಕಿಕೊಂಡು, ಮುಖ ಗಂಟಿಕ್ಕಿ ನಿಂತಳು.

“ಅವ್ವಾ, ಬಂದ್ಯಾ!” ಅಂತ ಜಾಣಪ್ಪ ಅವಳನ್ನು ಎತ್ತಿಕೊಂಡು ಒಳಗೆ ಮಲಗಿಸಿದ. “ಅಯ್ಯೋ, ಊತ ಇನ್ನೂ ಹಾಗೇ ಇದೆಯಲ್ಲ” ಅಂದವನೇ ಹೊರಗಿನಿಂದ ಚಿಲಕ ಹಾಕಿಕೊಂಡು ಡಾಕ್ಟರನ್ನು ಹುಡುಕಲು ಓಡಿದ.