ಓಡಿ ಬಂದ ಕಾರು

"ಬುದ್ಧಿ, ಬಂದು ಹೋಗಿಬಿಡುವ ಕೋಪವೂ ದೋಷವೇ?"

ಹೀಗೆಂದು ಮರಿಬಸಪ್ಪ ಕೇಳಿದ. ಅವನು ಮಠದ ಶಿಷ್ಯ. ಸಂಸಾರಿ. ಗುಡ್ಡದ ಕೆಳಗಿನ ಊರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. ದಿನವೂ ಬಿಸಿಲೇರುವ ಹೊತ್ತಿಗೆ ಗುಡ್ಡ ಹತ್ತಿ ಬರುವನು. ಗುರುಗಳ ಮುಂದೆ ಸ್ವಲ್ಪ ಹೊತ್ತು ಕೂತು ಹೋಗುವನು.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು.

"ಬಿಡಿಸಿ ಹೇಳಪ್ಪ" ಅಂದರು.

"ಬೆಳಿಗ್ಗೆ ಏಳುತ್ತಲೇ ನನ್ನ ಬಾಯಿ ಸರಿಯಿರುವುದಿಲ್ಲ, ಬುದ್ಧಿ. ನೀರು ಕಾಯಲಿಲ್ಲ ಅಂತ ಒಂದು ಮಾತು. ಕಾಫಿ ತಡವಾಯಿತು ಅಂತ ಒಂದು ಮಾತು. ಬರೀ ಮಾತಲ್ಲ, ಚುಚ್ಚುವಂಥದು. ಹೆಂಡತಿಗೆ ಬೀಳುತ್ತದೆ. ಸ್ವಲ್ಪ ಹೊತ್ತು, ಅಷ್ಟೆ. ಮುಖ ತೊಳೆದು ವಿಭೂತಿ ಇಟ್ಟರೆ ಹೋಯಿತು. ಇಲ್ಲಿಗೆ ಬರುವಷ್ಟರಲ್ಲಿ ಮನಸ್ಸು ತಿಳಿಯಾಗಿರುತ್ತದೆ. ಇಲ್ಲಿ ನಾನು ಯಾರ ಮೇಲಾದರೂ ರೇಗಿದ್ದು ತಾವು ಕಂಡಿದ್ದೀರಾ?"

"ಇಲ್ಲಪ್ಪ. ನೀನು ಬಂದರೆ ಮಠದ ಬೆಕ್ಕು ಕೂಡ ನನ್ನನ್ನು ಬಿಟ್ಟು ನಿನ್ನ ತೊಡೆ ಹತ್ತುತ್ತದೆ."

ಮರಿಬಸಪ್ಪನಿಗೆ ಸಂತೋಷವಾಯಿತು.

"ಮೊದಮೊದಲು ಅವಳು ದೂರುತ್ತಿದ್ದಳು, ಬುದ್ಧಿ. 'ನೀವು ಅಂದದ್ದು ನಿಮಗೆ ಕೇಳಿಸಿತಾ' ಅನ್ನುತ್ತಿದ್ದಳು. ಈಚೆಗೆ ಅದೂ ಇಲ್ಲ. ಏನೂ ಅನ್ನುವುದಿಲ್ಲ. ಅಂದಮೇಲೆ ನಾನು ಸುಧಾರಿಸಿದ್ದೇನೆ ಅಂತಲೇ ಅಲ್ಲವೇ? ಉಳಿದದ್ದು ಇಷ್ಟೇ ಇಷ್ಟು. ಅದಕ್ಕೂ ಚಿಂತೆ ಮಾಡಬೇಕೇ?"

ಗುರುಗಳು ಕಾಯಿ ಕೆಳಗಿಟ್ಟರು. ಕಾವಿ ಉಡುವ ಮೊದಲು ಅವರು ಲಾರಿ ಓಡಿಸಿದವರು. ಅವರ ಕತೆಗಳಲ್ಲಿ ರಾಜರು ಬರುವುದು ಕಡಿಮೆ. ಗಾಡಿಗಳೇ ಬರುತ್ತವೆ.

"ಒಂದು ಊರಿನಲ್ಲಿ ಒಬ್ಬ ಬಾಡಿಗೆ ಕಾರಿನವನಿದ್ದ" ಎಂದು ಶುರು ಮಾಡಿದರು.

ಕಾರು ಹಳೆಯದು. ಆದರೆ ಆ ಊರಿಗೆ ಅದೊಂದೇ ಕಾರು. ಹೆರಿಗೆ ನೋವು ಬಂದವರಿಗೆ ಅದೇ. ಕೋರ್ಟಿಗೆ ಹೋಗುವವರಿಗೂ ಅದೇ. ಕಾರಿನವನ ಒಲೆ ಉರಿಯುತ್ತಿದ್ದದ್ದೂ ಅದರಿಂದಲೇ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಹೊಸ ಕಾರು ಬೇಕು ಅಂತ ಇಬ್ಬರಿಗೂ ಇರಲಿಲ್ಲ. ಇದ್ದದ್ದರಲ್ಲಿ ಚೆನ್ನಾಗಿದ್ದರು.

ಕಾರಿನವನಿಗೆ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಕಾರಿನಲ್ಲಿ ಕೂತು, ಬಾಗಿಲು ಹಾಕಿ, ಮೊದಲು ದೇವರ ಹಾಡು ಹಾಕುವನು. ಆಮೇಲೆ ಇಂಜಿನ್ನು. ದಿನದ ಕೆಲಸಕ್ಕೆ ದೇವರ ಹೆಸರು ಮುಂದಿರಲಿ ಅಂತ. ಹಾಡು ಜೋರಾಗಿಯೇ ಇರುತ್ತಿತ್ತು.

ಅದೇ ಹೊತ್ತಿಗೆ ಹೆಂಡತಿ ಅಂಗಳದಲ್ಲಿ ರಂಗೋಲಿ ಬಿಡುತ್ತಿರುವಳು. ಕಾರಿನ ಮೂತಿಯ ಹತ್ತಿರವೇ ಅವಳ ಜಾಗ. ಒಂದು ದಿನ ಅವಳು ಕೈ ತಡೆದು ತಲೆ ಎತ್ತಿದಳು. ಇಂಜಿನ್ನಿನೊಳಗೆ ಯಾರೋ ಮೊರದಲ್ಲಿ ಹುಣಸೆ ಬೀಜ ಕೇರಿದ ಹಾಗೆ ಕೇಳಿಸಿತು.

"ರೀ, ಏನೋ ಸದ್ದು ಬರ್ತಿದೆ."

ಅವನು ಗಾಜು ಇಳಿಸಿದ. "ಏನು?"

"ಸದ್ದು ರೀ, ಸದ್ದು. ಇಂಜಿನ್ನಲ್ಲಿ."

ಅವನು ಹಾಡು ನಿಲ್ಲಿಸಿ ಕಿವಿಗೊಟ್ಟ. ಸದ್ದಿಲ್ಲ. ಇಂಜಿನ್ನು ಹಾಲು ಕುಡಿದ ಮಗುವಿನ ಹಾಗೆ ಸುಮ್ಮನಿತ್ತು.

"ನಿನ್ನ ಬಳೆ ಸದ್ದು ಕಣೆ" ಎಂದು ಹೊರಟುಹೋದ.

ಮರುದಿನ ಮತ್ತೆ ಅದೇ ಸದ್ದು. ಅವಳು ಬಾನೆಟ್ಟು ತಟ್ಟಿದಳು. ಅವನು ಹಾಡು ನಿಲ್ಲಿಸಿ, ಬಾಗಿಲು ತೆಗೆದು, ಇಳಿದು ಬರುವಷ್ಟರಲ್ಲಿ ಸದ್ದು ಹೋಗಿತ್ತು.

"ನೋಡಿದೆಯಾ, ನಾನು ಇಳಿದ ಕೂಡಲೇ ಸುಮ್ಮನಾಯ್ತು. ಕಾರಿಗಾದರೂ ನನ್ನ ಹೆದರಿಕೆ ಇದೆ."

"ಇದ್ದರೆ ಕಾರೊಂದಕ್ಕೇ" ಅಂದಳು ಅವಳು.

ಆದರೂ ಹೆಂಡತಿಯ ಮಾತನ್ನು ಅವನು ತೆಗೆದುಹಾಕಲಿಲ್ಲ. ಪೇಟೆಯಲ್ಲಿ ಒಬ್ಬ ಮೇಸ್ತ್ರಿ ಗ್ಯಾರೇಜು ಇಟ್ಟಿದ್ದ. ಅವನಿಗೆ ತೋರಿಸೋಣ ಎಂದುಕೊಂಡ. ಮೇಸ್ತ್ರಿಯ ಹತ್ತಿರ ಕೊಳಕು ಕಾರು ತೆಗೆದುಕೊಂಡು ಹೋಗುವುದು ಅವನಿಗೆ ನಾಚಿಕೆ. ಕೆರೆ ಏರಿಯಲ್ಲಿ ನಿಲ್ಲಿಸಿ ತೊಳೆದ. ದಾರಿಯಲ್ಲಿ ಬಾಡಿಗೆಯವರು ಸಿಕ್ಕರು, ಹತ್ತಿಸಿಕೊಂಡ. ಅವರನ್ನು ಇಳಿಸಿ ಗ್ಯಾರೇಜು ಮುಟ್ಟುವಷ್ಟರಲ್ಲಿ ಇಂಜಿನ್ನು ಚೆನ್ನಾಗಿ ಕಾದಿತ್ತು.

ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಇಟ್ಟ. ಹಿಡಿಯನ್ನು ಕಿವಿಗೆ ಇಟ್ಟ. ಅಲ್ಲಿ ಕೇಳಿದ, ಇಲ್ಲಿ ಕೇಳಿದ.

"ಅಣ್ಣ, ಇದು ನನಗಿಂತ ಗಟ್ಟಿಯಾಗಿದೆ. ನನ್ನ ಎದೆಯಾದರೂ ಒಂದೊಂದು ಸಲ ಡವಡವ ಅನ್ನುತ್ತೆ. ಇದಕ್ಕೆ ಅದೂ ಇಲ್ಲ."

"ನಮ್ಮ ಮನೆಯವಳು ಸದ್ದು ಬರುತ್ತೆ ಅಂತಾಳೆ, ಮೇಸ್ತ್ರಿ."

"ಹಾಗಾದರೆ ಅಕ್ಕನ ಕಿವಿಗೆ ಎರಡು ತೊಟ್ಟು ಎಣ್ಣೆ ಬಿಡಿ. ಕಾರಿಗೆ ಏನೂ ಬೇಡ."

ಇಬ್ಬರೂ ನಕ್ಕರು. ಕಾರಿನವನು ಮನೆಗೆ ಬಂದು ಆ ಮಾತನ್ನು ಇದ್ದ ಹಾಗೇ ಹೇಳಿದ. ಹೆಂಡತಿಯೂ ನಕ್ಕಳು. ಪೂರ್ತಿ ನಗಲಿಲ್ಲ.

ಸದ್ದು ಬರುತ್ತಲೇ ಇತ್ತು. ಅವಳು ಹೇಳುತ್ತಲೇ ಇದ್ದಳು. ಅವನು ಮತ್ತೆ ಹೋದ. ಮತ್ತೆ ಏನೂ ಇಲ್ಲ. ಆಮೇಲೊಂದು ಸಲ ಅವಳನ್ನೇ ಜೊತೆಗೆ ಕರೆದುಕೊಂಡು ಹೋದ. ಅವಳ ಎದುರಿಗೂ ಇಂಜಿನ್ನು ಸುಮ್ಮನೆಯೇ ಓಡಿತು. ಗ್ಯಾರೇಜಿನವರೆಲ್ಲ ಅವಳ ಮುಖ ನೋಡಿದರು. ಅವಳು ಸೆರಗಿನ ತುದಿ ನೋಡಿದಳು.

ವಾಪಸು ಬರುವಾಗ ಅವನು, "ನಿನ್ನ ಕಿವಿ ನಂಬಿಕೊಂಡು ನಾನು ನಗೆಪಾಟಲಾದೆ" ಅಂದ.

ಅಂದಿನಿಂದ ಅವಳು ಹೇಳುವುದನ್ನು ಬಿಟ್ಟಳು. ಸದ್ದು ನಿಂತಿತು ಎಂದು ಅವನು ತಿಳಿದ.

ಇಲ್ಲಿಗೆ ಗುರುಗಳು ಸ್ವಲ್ಪ ತಡೆದರು. ಬೆಕ್ಕು ಬಂದು ಮರಿಬಸಪ್ಪನ ತೊಡೆ ಹತ್ತಿತು. ಅವನು ಅದರ ಬೆನ್ನು ಸವರಿದ.

"ಸದ್ದು ನಿಂತಿರಲಿಲ್ಲ, ಅಲ್ಲವೇ ಬುದ್ಧಿ?"

"ನಿಂತಿರಲಿಲ್ಲ."

ಸದ್ದು ನಿಂತಿರಲಿಲ್ಲ. ಬೆಳೆಯುತ್ತಿತ್ತು. ಹುಣಸೆ ಬೀಜ ಕೇರಿದ ಹಾಗಿದ್ದದ್ದು ಕಲ್ಲು ಕೇರಿದ ಹಾಗಾಯಿತು. ಅವಳು ರಂಗೋಲಿ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಹಾಗೇ ನಿಲ್ಲುವಳು. ಕಾರು ಹೋಗಿ, ಅರಳಿಕಟ್ಟೆಯ ತಿರುವಿನಲ್ಲಿ ಅದರ ಹಾರ್ನ್ ಕೇಳಿಸಿದ ಮೇಲೆ ಉಳಿದ ಗೆರೆ ಎಳೆಯುವಳು. ಪೇಟೆಯ ದಾರಿ ಸಪಾಟು. ಇನ್ನೊಂದು ದಾರಿಯಲ್ಲಿ ಘಟ್ಟವಿತ್ತು. ಘಟ್ಟದ ಬಾಡಿಗೆ ಇದ್ದ ದಿನ ಸಂಜೆಯ ತನಕ ಅವಳು ಹೊಸಿಲು ಬಿಟ್ಟು ಏಳುತ್ತಿರಲಿಲ್ಲ. ಅವಳಿಗೆ ಕಾರಿನ ಚಿಂತೆಯಿರಲಿಲ್ಲ. ಕಾರಿನೊಳಗೆ ಕೂತವನ ಚಿಂತೆ.

ಒಂದು ಸಂತೆಯ ದಿನ ಅವಳೇ ಗ್ಯಾರೇಜಿಗೆ ಹೋದಳು. ಸದ್ದಿನ ಮಾತೇ ಎತ್ತಲಿಲ್ಲ.

"ಮೇಸ್ತ್ರಿ, ನಾಳೆ ನಮ್ಮ ಮನೆಗೆ ರೊಟ್ಟಿ ತಿನ್ನೋಕೆ ಬನ್ನಿ. ಹುಚ್ಚೆಳ್ಳು ಚಟ್ನಿ ಅರೀತೀನಿ."

"ಏನಕ್ಕ ವಿಶೇಷ?"

"ವಿಶೇಷ ಏನಿಲ್ಲ. ಅವರು ಕಾರು ತೆಗೆಯೋಕೆ ಮುಂಚೆ ಬನ್ನಿ. ಆಮೇಲೆ ಬಂದರೆ ರೊಟ್ಟಿ ಆರಿಹೋಗುತ್ತೆ."

"ಹುಚ್ಚೆಳ್ಳು ಚಟ್ನಿ ಅಂದರೆ ಕೋಳೀನ ನಾನೇ ಎಬ್ಬಿಸಿಕೊಂಡು ಬರ್ತೀನಿ" ಅಂದ ಮೇಸ್ತ್ರಿ.

ಮಾತಿನಂತೆ ಬಂದ. ಜಗಲಿಯ ಮೇಲೆ ಕೂತ. ಕಾರಿನವನು ತಲೆ ಬಾಚಿಕೊಂಡು ಹೊರಗೆ ಬಂದವನು ಬೆರಗಾದ.

"ಏನು ಮೇಸ್ತ್ರಿ, ದಾರಿ ತಪ್ಪಿತಾ?"

"ರೊಟ್ಟಿ ಕರೆಯಿತು ಅಣ್ಣ. ನೀವು ನಿಮ್ಮ ಕೆಲಸ ನೋಡಿ, ನಾನು ನನ್ನ ಕೆಲಸ ನೋಡ್ತೀನಿ."

ಆ ದಿನ ಘಟ್ಟದ ಕೆಳಗಿನ ಊರಿಗೆ ಹೆಣ್ಣು ನೋಡಲು ಹೋಗುವವರ ಬಾಡಿಗೆ. ಅವರು ಹೂವು ಹಣ್ಣು ಹಿಡಿದು ಬೀದಿಯಲ್ಲಿ ಕಾಯುತ್ತಿದ್ದರು. ಕಾರಿನವನು ಕೂತ. ಬಾಗಿಲು ಹಾಕಿದ. ಹಾಡು ಹಾಕಿದ. ಕೀಲಿ ತಿರುಗಿಸಿದ.

ಮೇಸ್ತ್ರಿಯ ಕೈಯಲ್ಲಿ ಮೊದಲ ತುತ್ತು. ಅದು ಬಾಯಿಗೆ ಹೋಗಲಿಲ್ಲ.

"ಆಫ್ ಮಾಡಿ! ಅಣ್ಣ, ಆಫ್ ಮಾಡಿ!"

ಹಾಡಿನಲ್ಲಿ ಅದು ಕೇಳಲಿಲ್ಲ. ಮೇಸ್ತ್ರಿ ರೊಟ್ಟಿ ಹಿಡಿದೇ ಓಡಿ, ರಂಗೋಲಿ ತುಳಿದುಕೊಂಡು ಹೋಗಿ, ಗಾಜು ಬಡಿದ. ಕಾರಿನವನು ಗಾಬರಿಯಾಗಿ ಹಾಡು ನಿಲ್ಲಿಸಿದ.

"ಹಾಡಲ್ಲ ಮಾರಾಯರೇ! ಇಂಜಿನ್ನು!"

ಮೇಸ್ತ್ರಿ ತಾನೇ ಬಾಗಿಲು ತೆಗೆದು ಕೀಲಿ ತಿರುಗಿಸಿಬಿಟ್ಟ. ಅಂಗಳ ಸುಮ್ಮನಾಯಿತು. ಆ ಸದ್ದನ್ನು ಕಾರಿನವನು ಕೇಳಿದ್ದು ಅದೇ ಮೊದಲು, ಹಾಡು ನಿಂತದ್ದಕ್ಕೂ ಇಂಜಿನ್ನು ನಿಂತದ್ದಕ್ಕೂ ನಡುವೆ, ಒಂದು ಉಸಿರಿನಷ್ಟು. ಅಷ್ಟು ಸಾಕಾಯಿತು. ಅವನು ಹೆಂಡತಿಯ ಕಡೆ ನೋಡಿದ. ಅವಳು ಒಳಗೆ ಹೋಗಿ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಹೆಣ್ಣು ನೋಡುವವರು ಗೊಣಗುತ್ತ ಬಸ್ಸಿಗೆ ಹೋದರು. ಕಾರನ್ನು ಮೇಸ್ತ್ರಿ ಓಡಿಸಲು ಬಿಡಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಗ್ಯಾರೇಜಿಗೆ ಎಳೆಸಿದ. ಇಂಜಿನ್ನಿನ ಮುಂಭಾಗ ಬಿಚ್ಚಿದ.

ಅಲ್ಲಿ ಒಂದು ಚೈನು ಇರುತ್ತದೆ. ಟೈಮಿಂಗ್ ಚೈನು ಅನ್ನುತ್ತಾರೆ. ಕೆಳಗಿನ ಹಲ್ಲುಚಕ್ರ ತಿರುಗಿದಷ್ಟಕ್ಕೆ ಸರಿಯಾಗಿ ಮೇಲಿನದನ್ನು ತಿರುಗಿಸುವುದು ಅದರ ಕೆಲಸ. ಒಂದು ಹಲ್ಲು ತಪ್ಪಿದರೂ ಒಳಗಿನವು ಒಂದಕ್ಕೊಂದು ಹೊಡೆದು ಇಂಜಿನ್ನೇ ಹಾಳು. ಆ ಚೈನು ಆಚೆ ಈಚೆ ಬಡಿಯದಿರಲಿ ಅಂತ ಪಕ್ಕದಲ್ಲಿ ಒಂದು ಪಟ್ಟಿ ಕೂರಿಸಿರುತ್ತಾರೆ. ಅದರ ಹೆಸರು ಗೈಡು. ಅದು ತಿರುಗುವುದಿಲ್ಲ, ಎಳೆಯುವುದಿಲ್ಲ. ದಿನವಿಡೀ ಚೈನಿನ ಕೈಲಿ ಉಜ್ಜಿಸಿಕೊಂಡು ನಿಂತಲ್ಲೇ ನಿಂತಿರುತ್ತದೆ. ಅದರ ದುಡಿಮೆ ಅದೇ. ಅದು ಇದೆ ಅಂತ ಯಾರಿಗೂ ನೆನಪಿರುವುದಿಲ್ಲ.

ಆ ಪಟ್ಟಿ ಮುರಿದು ಎರಡಾಗಿತ್ತು.

ಕಾರಿನವನು ಕೇಳಿದ. "ಅಷ್ಟು ಸಲ ತಂದು ತೋರಿಸಿದೆನಲ್ಲ ಮೇಸ್ತ್ರಿ. ಆಗ ಯಾಕೆ ಸುಮ್ಮನಿತ್ತು?"

"ರಾತ್ರಿ ನಿಂತ ಇಂಜಿನ್ನಲ್ಲಿ ಎಣ್ಣೆ ಕೆಳಗಿಳಿದಿರುತ್ತೆ ಅಣ್ಣ. ಬೆಳಿಗ್ಗೆ ಚಾಲೂ ಮಾಡಿದಾಗ ಚೈನು ಸಡಿಲ. ಹಿಡಿಯೋ ಗೈಡು ಮುರಿದಿದ್ದರೆ ಬಡಿದಾಡುತ್ತೆ. ಎಣ್ಣೆ ಮೇಲೇರಿ ಒತ್ತಿತೋ, ಚೈನು ಬಿಗಿಯಾಗಿ ಸುಮ್ಮನಾಗುತ್ತೆ. ಸದ್ದು ಹೋಗುತ್ತೆ. ಮುರಿದದ್ದು ಮುರಿದೇ ಇರುತ್ತೆ. ನೀವು ನನಗೆ ತೋರಿಸಿದ್ದೆಲ್ಲ ಓಡಿ ಬಂದ ಕಾರು. ಅಕ್ಕ ಕೇಳಿದ್ದು ಆಗತಾನೆ ಎದ್ದ ಕಾರು."

"ಈ ದಿನ ಘಟ್ಟ ಇಳಿದಿದ್ದರೆ?"

ಮೇಸ್ತ್ರಿ ಮುರಿದ ತುಂಡುಗಳನ್ನು ಅವನ ಕೈಯಲ್ಲಿಟ್ಟ.

"ಅಕ್ಕನಿಗೆ ತೋರಿಸಿ. ಕಿವಿಗೆ ಎಣ್ಣೆ ಬಿಡಿ ಅಂದದ್ದು ಮೇಸ್ತ್ರಿ ವಾಪಸು ತಗೊಂಡ ಅಂತ ಹೇಳಿ."

ಹೊಸ ಗೈಡು ಬಂತು. ಚೈನೂ ಹೊಸದು ಹಾಕಿದರು. ಹಳೆಯ ಕಾರು ಮತ್ತೆ ಅಂಗಳಕ್ಕೆ ಬಂತು. ಮೊದಲ ದಿನ ಚಾಲೂ ಮಾಡಿ ಅವನು ಕೇಳಿದ, "ಈಗ ಹೇಗಿದೆಯೇ?"

ಅವಳು ಕಿವಿಗೊಟ್ಟು ನಿಂತಳು. ಬೇಕೆಂದೇ ಸ್ವಲ್ಪ ಜಾಸ್ತಿ ಹೊತ್ತು ನಿಂತಳು.

"ಈಗ ನನ್ನ ಬಳೆ ಸದ್ದು ಕೇಳ್ತಿದೆ" ಅಂದಳು.

ಅವನ ಪದ್ಧತಿ ಬದಲಾಯಿತು. ಗಾಜು ಇಳಿಸಿ ಮೊದಲು ಇಂಜಿನ್ನು. ಆಮೇಲೆ ಅವಳ ಕಡೆ ನೋಡುವನು. ಅವಳು ಗೆರೆ ಎಳೆಯುತ್ತಲೇ "ಹೂಂ, ಹೋಗಿ" ಅನ್ನುವಳು. ಅವಳು ಹೂಂ ಅಂದ ಮೇಲೆ ಹಾಡು. ದೇವರೂ ಅಷ್ಟು ಹೊತ್ತು ಕಾಯುವನು, ಅವನಿಗೇನೂ ಬೇಸರವಿಲ್ಲ. ಕಾರು ಈಗಲೂ ಓಡುತ್ತಿದೆ. ಗಂಡ ಹೆಂಡತಿ ಸುಖವಾಗಿದ್ದಾರೆ.

ಕತೆ ಮುಗಿಯಿತು. ಗುರುಗಳು ಮತ್ತೆ ಅವರೆಕಾಯಿ ಕೈಗೆತ್ತಿಕೊಂಡರು. ಮರಿಬಸಪ್ಪ ಬೆಕ್ಕನ್ನು ಮೆಲ್ಲಗೆ ಇಳಿಸಿ, ಬೆನ್ನು ನೆಟ್ಟಗೆ ಮಾಡಿ, ಕೈಮುಗಿದ.

"ಬುದ್ಧಿ, ನನ್ನೊಳಗೆ ಏನು ಮುರಿದಿದೆಯೋ ತಾವೇ ನೋಡಿ ಹೇಳಬೇಕು. ಇಗೋ, ತಮ್ಮ ಮುಂದೆಯೇ ಕೂತಿದ್ದೇನೆ."

ಗುರುಗಳು ಅವನ ಶಾಂತವಾದ ಮುಖ ನೋಡಿದರು.

"ನಾಳೆ ನೀನು ಬರಬೇಡ, ನಿನ್ನ ಹೆಂಡತಿಯನ್ನು ಕಳಿಸು" ಎಂದರು.