ಬಾಣಂತಿ ಕೋಣೆಯ ಕೂಲರ್

“ಗುರುಗಳೇ, ಮೂರು ಮಂತ್ರ ಬದಲಿಸಿದೆ. ಒಳಗಿನ ಸಿಟ್ಟು ಇಳಿಯಲಿಲ್ಲ. ತಪ್ಪು ಮಂತ್ರದ್ದೋ, ಕೊಟ್ಟವರದ್ದೋ?” ಎಂದು ಶರಭಯ್ಯ ಕೇಳಿದ.

ಕೇಳಿದ ಧಾಟಿಯಲ್ಲೇ ಜಗಳವಿತ್ತು. ಎರಡು ಮಠ ಬಿಟ್ಟು ಮೂರನೆಯದಕ್ಕೆ ಬಂದ ಶಿಷ್ಯ ಅವನು. ಮಾತಾಡುವಾಗಲೂ ಅವನ ಕೈ ಅಂಗಿಯ ಜೇಬಿನ ಮೇಲೆಯೇ ಇತ್ತು. ಆ ಜೇಬಿನಲ್ಲಿ ಅವನ ಅಣ್ಣ ಬರೆದ ಕಾಗದವಿತ್ತು. ಅಪ್ಪನ ತಿಥಿಗೆ ನೀನು ಬರಬೇಕಾಗಿಲ್ಲ ಎಂದು ಏಳು ವರ್ಷದ ಹಿಂದೆ ಬರೆದದ್ದು. ದಿನಾ ಬೆಳಗ್ಗೆ ಮಿಂದು ಬಂದು, ಅದನ್ನು ಒಮ್ಮೆ ಓದಿ, ಮಡಚಿಟ್ಟು, ಆಮೇಲೆ ಶರಭಯ್ಯ ಜಪಕ್ಕೆ ಕೂರುತ್ತಿದ್ದ. ಮಠದಲ್ಲಿ ಇದು ಎಲ್ಲರಿಗೂ ಗೊತ್ತಿತ್ತು.

“ಕೂತುಕೋ,” ಎಂದರು ಗುರುಗಳು. ಕತೆ ಶುರುಮಾಡಿದರು.

ಬಿಸಿಲಿಗೆ ಹೆಸರಾದ ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕಡು ಬೇಸಗೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ವ್ಯಾಪಾರಿಗೆ ಮಗಳೆಂದರೆ ಪ್ರಾಣ. ಬಾಣಂತನದಲ್ಲಿ ಯಾವುದೂ ಕಡಿಮೆಯಾಗಕೂಡದು ಎಂದು ಮನೆಯವರಿಗೆಲ್ಲ ತಾಕೀತು ಮಾಡಿದ. ತುಪ್ಪ ಬಂತು, ಬೆಲ್ಲ ಬಂತು, ಮಂಚದ ಕೆಳಗೆ ಇಡುವ ಅಗ್ಗಿಷ್ಟಿಕೆಗೆಂದು ಒಂದು ಚೀಲ ಇದ್ದಿಲೂ ಬಂತು. ಬಾಣಂತಿಯ ಮೈಗೆ ಹಗಲೂ ರಾತ್ರಿ ಕಾವು ತಾಗುತ್ತಿರಬೇಕು ಎಂಬುದು ಆ ಮನೆಯ ಪದ್ಧತಿ. ಕೆಂಡದ ಉಸ್ತುವಾರಿಯನ್ನು ವ್ಯಾಪಾರಿಯ ಅಕ್ಕ ವಹಿಸಿಕೊಂಡಳು. ತಿಂಗಳು ತುಂಬುವವರೆಗೆ ಆ ಕೋಣೆಯೊಳಗೆ ಗಂಡಸರು ಕಾಲಿಡುವಂತಿರಲಿಲ್ಲ. ಅದೂ ಪದ್ಧತಿಯೇ.

ಮೂರನೆಯ ದಿನದಿಂದ ಕೂಸು ಅಳತೊಡಗಿತು. ಪಡಸಾಲೆಯಲ್ಲಿ ಕೂತ ವ್ಯಾಪಾರಿಗೆ ಅದು ಕೇಳಿಸಿತು. ಇಂಥ ಸೆಕೆಯಲ್ಲಿ ಕೂಸು ಅಳದೆ ಇನ್ನೇನು ಮಾಡೀತು ಎಂದು ಅಂಗಡಿಗೆ ಹೋಗಿ ಒಂದು ಕೂಲರ್ ತಂದ. ಕೂಡಿಸಲು ಬಂದವರು ಗಂಡಸರು, ಒಳಗೆ ಹೋಗುವಂತಿಲ್ಲ. ಹೊರಗಿನಿಂದಲೇ ಕಿಟಕಿಗೆ ಅದನ್ನು ಕೂಡಿಸಿ, ನೀರು ತುಂಬಿ ಹೊರಟುಹೋದರು.

ಒಳಗೆ ಅಕ್ಕ ಗಾಬರಿಯಾದಳು. ಈ ಥಂಡಿ ಗಾಳಿಗೆ ಬಾಣಂತಿಗೆ ಸನ್ನಿ ಹಿಡಿದರೆ ಯಾರು ಹೊಣೆ? ಅಗ್ಗಿಷ್ಟಿಕೆಗೆ ಇನ್ನೆರಡು ಬೊಗಸೆ ಇದ್ದಿಲು ಸುರಿದಳು. ಕೂಲರಿನ ಗಾಳಿ ಮಂಚದ ಕೆಳಗೆ ನುಗ್ಗಿ ಕೆಂಡವನ್ನು ಊದಿತು. ಕೆಂಡ ನಿಗಿನಿಗಿ ಎಂದಿತು. ಕೂಸು ಮೊದಲಿಗಿಂತ ಜೋರಾಗಿ ಅತ್ತಿತು.

ವ್ಯಾಪಾರಿ ಕೆಂಡಾಮಂಡಲವಾಗಿ ಅಂಗಡಿಗೆ ಹೋದ.

“ಎಂಥಾ ಮಷೀನ್ ಕೊಟ್ಟೀಯೋ ನೀನು? ಕೂಸಿನ ಅಳು ಒಂದೀಟೂ ಕಮ್ಮಿ ಆಗಿಲ್ಲ.”

“ಸಣ್ಣದು ಒಯ್ದೀರಿ ಸಾಹುಕಾರ್ರ. ನಿಮ್ಮಂಥವರ ಮನಿಗೆ ಇದು ಸಾಕಾಗ್ತದೇನ್ರಿ? ದೊಡ್ಡದು ಒಯ್ಯಿರಿ,” ಎಂದ ಅಂಗಡಿಯವನು.

ಕೋಣೆ ಎಷ್ಟಗಲ ಎಂದು ಅವನು ಕೇಳಲಿಲ್ಲ. ಒಳಗೆ ಏನೇನಿದೆ ಎಂದೂ ಕೇಳಲಿಲ್ಲ. ಕೇಳಿದ್ದರೆ ಮಾರಾಟ ತಪ್ಪುತ್ತಿತ್ತು. ಹೋಗಲಿ, ಅವನು ಮಾರಿ ಬದುಕುವವನು. ಹೆತ್ತ ಅಪ್ಪ ಏಕೆ ಕೇಳಲಿಲ್ಲ, ಶರಭಯ್ಯ? ಒಳಗೆ ಹೋಗುವುದು ಬೇಡ, ಬಾಗಿಲಲ್ಲಿ ನಿಂತು “ಹೇಗಿದ್ದೀಯವ್ವಾ” ಎಂದು ಒಂದು ಮಾತು ಕೇಳಲು ಯಾವ ಪದ್ಧತಿ ಅಡ್ಡ ಬಂದಿತ್ತು?

ಹಳೆಯದನ್ನು ಕಿತ್ತು ದೊಡ್ಡ ಕೂಲರ್ ಕೂಡಿಸಿದರು. ಹೊಸದರ ಗಾಳಿ ಬಹಳ, ಇನ್ನಷ್ಟು ಇದ್ದಿಲು ಬೇಕು ಎಂದು ಅಕ್ಕ ಹೇಳಿ ಕಳಿಸಿದಳು. ವ್ಯಾಪಾರಿ ಮರುಮಾತಿಲ್ಲದೆ ಇನ್ನೊಂದು ಚೀಲ ಕಳಿಸಿದ. ಕೂಸು ಅತ್ತಿತು. ಅವನು ಮತ್ತೆ ಹೋಗಿ ಅಂಗಡಿಯವನ ಜನ್ಮ ಜಾಲಾಡಿ, ಅದಕ್ಕಿಂತ ದೊಡ್ಡದನ್ನು ತಂದ. ಅಕ್ಕ ಮೂರನೆಯ ಚೀಲ ಬಿಚ್ಚಿದಳು.

ಆ ಮಗಳು ಸುಮ್ಮನೆ ಬೆಂದಳು ಎಂದು ತಿಳಿಯಬೇಡ. “ಅತ್ತೀ, ಬೆಂಕಿ ತೆಗಿ” ಎಂದು ದಿನಕ್ಕೆ ಹತ್ತು ಸಲ ಅಂದಳು. “ಚೊಚ್ಚಲ ಬಾಣಂತಿ, ನಿನಗೇನು ತಿಳೀತದ” ಎಂದು ಸೋದರತ್ತೆ ಅವಳ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದಳು. ಮಗಳು ಅಪ್ಪನನ್ನೂ ಕೂಗಿದಳು. ಕೂಸಿನ ಚೀರಾಟ ಬಿಟ್ಟು ಅವನಿಗೆ ಬೇರೇನೂ ಕೇಳಿಸಲಿಲ್ಲ. ಅವನು ತಂದ ಮೂರನೆಯ ಕೂಲರ್ ಅಷ್ಟು ಸದ್ದು ಮಾಡುತ್ತಿತ್ತು.

ಕೂಸಿನ ಮೈತುಂಬ ಬೆವರುಗುಳ್ಳೆ ಎದ್ದವು. ಅದು ಮೊಲೆ ಕಚ್ಚುವುದನ್ನು ಬಿಟ್ಟಿತು. ಆಮೇಲೆ ಅಳಲೂ ತ್ರಾಣವಿಲ್ಲದೆ ಬಾಯಿ ತೆರೆದುಕೊಂಡು ಮಲಗಿತು. ಅಳು ನಿಂತದ್ದು ಕೇಳಿ ವ್ಯಾಪಾರಿ, ಈಗ ತಂಪಾಯಿತು ಎಂದುಕೊಂಡು ನೆಮ್ಮದಿಯಿಂದ ಊಟಕ್ಕೆ ಕೂತ. ಇದನ್ನು ಹೇಳುವಾಗೆಲ್ಲ ನನಗೆ ಮೈ ಉರಿಯುತ್ತದೆ. ಕೂಸು ಸಾಯಲು ಹೊರಟಿತ್ತು, ಅಜ್ಜ ಮೊಸರನ್ನ ಕಲಸುತ್ತಿದ್ದ.

ಅದೇ ಹೊತ್ತಿಗೆ ಕೂಲರಿಗೆ ಲಾವಂಚದ ತಟ್ಟಿ ಕಟ್ಟಲು ಒಬ್ಬ ಮುದುಕಿ ಬಂದಳು. ಬೇಸಗೆಯಲ್ಲಿ ಮನೆಮನೆಗೆ ತಟ್ಟಿ ಕಟ್ಟಿಯೇ ಅವಳ ತಲೆ ನೆರೆತಿತ್ತು. ಕಿಟಕಿಯ ಬಳಿ ಕೈಯಿಟ್ಟಳು. ಒಳಗಿನಿಂದ ಬಿಸಿ ಹಬೆ ರಾಚಿತು. ಹೆಂಗಸಾದ್ದರಿಂದ ಯಾರೂ ಅವಳನ್ನು ತಡೆಯಲಿಲ್ಲ. ನೇರ ಒಳಗೆ ಹೋದಳು, ಮಂಚದ ಕೆಳಗೆ ಬಗ್ಗಿದಳು, ಕೈಗೆ ಗೋಣಿತಟ್ಟು ಸುತ್ತಿಕೊಂಡು ಅಗ್ಗಿಷ್ಟಿಕೆಯನ್ನು ಎತ್ತಿದಳು. ಅಕ್ಕ ಬೈಯುತ್ತ ಹಿಂದೆಯೇ ಬಂದಳು. ಮುದುಕಿ ತಿರುಗಿಯೂ ನೋಡದೆ, ಪಡಸಾಲೆಗೆ ಬಂದು ಅದನ್ನು ವ್ಯಾಪಾರಿಯ ತಟ್ಟೆಯ ಪಕ್ಕದಲ್ಲಿ ಇಟ್ಟಳು.

“ಇದು ಯಾರು ಇಡಿಸಿದ್ದು, ಸಾಹುಕಾರ್ರ?”

“ನಾನ. ಬಾಣಂತನಕ್ಕ ಏನೂ ಕಮ್ಮಿ ಆಗಬಾರದು ಅಂತ.”

“ಆ ಕೂಲರ್?”

“ಅದೂ ನಾನ.”

“ಹಂಗಾದ್ರ ಅಂಗಡಿಯವಂಗ ಯಾಕ ಬೈತೀರಿ?” ಎಂದು ಮುದುಕಿ ಮತ್ತೆ ಒಳಗೆ ಹೋದಳು.

ವ್ಯಾಪಾರಿ ಕೈಯ ತುತ್ತನ್ನು ತಟ್ಟೆಗೇ ಬಿಟ್ಟ. ಕೆಂಡದ ಝಳಕ್ಕೆ ಅವನು ಅಲ್ಲಿ ಕೂರಲಾಗದೆ ಎದ್ದ. ಆ ಝಳದ ಮೇಲೆ ಮಗಳು ಹನ್ನೆರಡು ದಿನ ಮಲಗಿದ್ದಳು. ಪದ್ಧತಿ ಗಿದ್ಧತಿ ಎಲ್ಲ ಮರೆತು ಅವನು ಕೋಣೆಗೆ ಓಡಿದ. ಮುದುಕಿ ಅಷ್ಟರಲ್ಲಿ ಎದುರಿನ ಕಿಟಕಿ ತೆರೆದು, ಬಾಣಂತಿಯ ತಲೆಬಟ್ಟೆ ಬಿಚ್ಚಿ, ಕೂಸಿನ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಮಗಳು ಅಪ್ಪನ ಮುಖ ನೋಡಿದಳು. ಸಂಜೆಯ ಹೊತ್ತಿಗೆ ಕೂಸು ಮೊಲೆ ಕಚ್ಚಿತು. ದೊಡ್ಡ ಕೂಲರನ್ನು ತೆಗೆಸಿದರು. ಮೊದಲು ತಂದಿದ್ದ ಸಣ್ಣದೇ ಆ ಕೋಣೆಗೆ ಸಾಕಾಯಿತು.

ಗುರುಗಳು ಕತೆ ನಿಲ್ಲಿಸಿದರು.

ಶರಭಯ್ಯನಿಗೆ ಸಿಟ್ಟು ತಡೆಯಲಾಗಲಿಲ್ಲ. “ಎಂಥ ಅಪ್ಪ ಅವನು? ಒಂದು ಕಡೆ ತಾನೇ ಕೆಂಡ ಕಳಿಸುತ್ತಾನೆ, ಇನ್ನೊಂದು ಕಡೆ ತಂಪಾಗಲಿಲ್ಲವೆಂದು ಊರವರನ್ನೆಲ್ಲ ಬೈಯುತ್ತಾನೆ. ನಾನಾಗಿದ್ದರೆ ಮೊದಲ ದಿನವೇ ಮಂಚದ ಕೆಳಗೆ ನೋಡುತ್ತಿದ್ದೆ,” ಎಂದ. ಹೇಳುವ ಭರದಲ್ಲಿ ಜೇಬಿನ ಮೇಲಿದ್ದ ಕೈ ಇನ್ನಷ್ಟು ಬಿಗಿಯಾಯಿತು.

ಗುರುಗಳು ಆ ಕೈಯನ್ನೇ ನೋಡುತ್ತ ಹೇಳಿದರು: “ಮಂತ್ರವನ್ನು ನಾಳೆ ಬದಲಿಸೋಣ, ಇವತ್ತು ಆ ಕಾಗದವನ್ನು ಹೊರಗೆ ತೆಗೆ.”